ಅಳುಕಿಸದೆ ಕಲಿಸುತ್ತೇವೆ ಎಂದ ಜರ್ಮನ್ ತರಗತಿ: 12 ವಾರಗಳ ನಂತರದ ವಿಮರ್ಶೆ

ಆರಂಭಿಕರಿಗಾಗಿ ನಡೆಸುವ ಎ1 ಹಂತದ ಜರ್ಮನ್ ತರಗತಿಯನ್ನು ಕಳೆದ ತಿಂಗಳು ಮುಗಿಸಿದೆ. ಸೇರುವ ಮುನ್ನ ವಿಚಾರಿಸಿದಾಗ ಸಂಸ್ಥೆಯವರು ಮುಖ್ಯವಾಗಿ ಹೇಳಿದ್ದು ಒಂದೇ ಮಾತು: ಇಲ್ಲಿ ಯಾರನ್ನೂ ಅಳುಕಿಸದೆ ಭಾಷೆ ಕಲಿಸುತ್ತೇವೆ. ಆ ಮಾತನ್ನು ನಂಬಿ ಸೇರಿದವಳು ನಾನು. ಆದ್ದರಿಂದ ಅದನ್ನು ಅವರು ಎಷ್ಟರಮಟ್ಟಿಗೆ ಉಳಿಸಿಕೊಂಡರು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಲವು ವರ್ಷಗಳ ಹಿಂದೆ ಬೇರೊಂದು ಕಡೆ ಇದೇ ಭಾಷೆಯನ್ನು ಕಲಿಯಲು ಹೋಗಿ ಎರಡೇ ತಿಂಗಳಲ್ಲಿ ಬಿಟ್ಟಿದ್ದೆ. ಅಲ್ಲಿ ಸಾಲಾಗಿ ಕೂರಿಸಿ, ಪಾಠದ ಒಂದೊಂದು ವಾಕ್ಯವನ್ನು ಒಬ್ಬೊಬ್ಬರಿಂದ ಓದಿಸುತ್ತಿದ್ದರು. ನನಗಿಂತ ಮುಂದೆ ಎಷ್ಟು ಜನರಿದ್ದಾರೆ ಎಂದು ಎಣಿಸಿ, ನನ್ನ ಪಾಲಿಗೆ ಬರಬಹುದಾದ ವಾಕ್ಯವನ್ನು ಹುಡುಕಿ, ಅದನ್ನೇ ಮನಸ್ಸಿನಲ್ಲಿ ಉರುಹೊಡೆಯುತ್ತಾ ಕೂತಿರುವಾಗ ಉಳಿದವರು ಓದಿದ್ದಾಗಲಿ ಶಿಕ್ಷಕರು ವಿವರಿಸಿದ್ದಾಗಲಿ ಕಿವಿಗೆ ಬೀಳುತ್ತಲೇ ಇರಲಿಲ್ಲ. ಸರದಿ ಬಂದಾಗ ಬಾಯಿ ಒಣಗಿ, ಗೊತ್ತಿದ್ದ ಪದವೂ ನಾಲಿಗೆಗೆ ಬರುತ್ತಿರಲಿಲ್ಲ. ನನಗೆ ಭಾಷೆ ಹತ್ತುವುದಿಲ್ಲ ಎಂದೇ ಆಗ ತೀರ್ಮಾನಿಸಿದ್ದೆ.

ಈ ತರಗತಿಯ ಮೊದಲ ದಿನ ಪುಸ್ತಕ ತೆರೆಯುವ ಮೊದಲು 33 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ಕೊಟ್ಟರು. ಎಲೇನ್ ಹಾರ್ವಿಟ್ಜ್, ಮೈಕೆಲ್ ಹಾರ್ವಿಟ್ಜ್ ಮತ್ತು ಜೋಆನ್ ಕೋಪ್ ಅವರು 1986ರಲ್ಲಿ ಪ್ರಕಟಿಸಿದ, ವಿದೇಶಿ ಭಾಷೆಯ ತರಗತಿಯಲ್ಲಿ ಉಂಟಾಗುವ ಆತಂಕವನ್ನು ಅಳೆಯುವ ಮಾಪನವದು. ಸಂವಹನದ ಅಂಜಿಕೆ, ಪರೀಕ್ಷೆಯ ಭಯ, ಇತರರು ನಮ್ಮನ್ನು ಕೀಳಾಗಿ ಅಳೆದಾರೆಂಬ ಹೆದರಿಕೆ, ಈ ಮೂರಕ್ಕೂ ಹತ್ತಿರವಾಗಿದ್ದರೂ ಭಾಷಾ ತರಗತಿಗೆ ಮಾತ್ರ ಸೇರಿದ ಬೇರೆಯದೇ ಆತಂಕವೊಂದಿದೆ ಎಂಬುದು ಅವರ ವಾದ. ಗಣಿತದಲ್ಲಿ ತಪ್ಪಿದರೆ ಲೆಕ್ಕವಷ್ಟೇ ತಪ್ಪುತ್ತದೆ. ಹೊಸ ಭಾಷೆಯಲ್ಲಿ ತಪ್ಪಿದಾಗ, ಬೆಳೆದ ಬುದ್ಧಿಯಿದ್ದೂ ಮಗುವಿನಂತೆ ತೊದಲುವ ನಾವೇ ಹತ್ತು ಜನರ ಎದುರು ನಿಂತಿರುತ್ತೇವೆ. ಆ ಹಾಳೆಯನ್ನು ತುಂಬುವಾಗ ನನ್ನ ಹಳೆಯ ಅನುಭವಕ್ಕೆ ಒಂದು ಹೆಸರಿದೆ ಎಂದು ತಿಳಿದದ್ದೇ ದೊಡ್ಡ ಸಮಾಧಾನವಾಯಿತು.

ಮೊದಲ ಎರಡು ವಾರ ನಮ್ಮಿಂದ ಜರ್ಮನ್ ಮಾತನ್ನು ಯಾರೂ ಕೇಳಲೇ ಇಲ್ಲ. ಶಿಕ್ಷಕಿ 'ಷ್ಟೇಟ್ ಔಫ್' ಎನ್ನುತ್ತಾ ತಾವೇ ಎದ್ದು ನಿಲ್ಲುತ್ತಿದ್ದರು, ನಾವೂ ಎದ್ದು ನಿಲ್ಲುತ್ತಿದ್ದೆವು. ಕಿಟಕಿ ತೆರೆ, ಪೆನ್ನು ಎತ್ತಿಕೋ, ಪಕ್ಕದವರಿಗೆ ಕೊಡು, ಎಲ್ಲವೂ ಹೀಗೆಯೇ. ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ, ಮೈಯ ಚಲನೆಯ ಮೂಲಕ ಕಲಿಸುವ ವಿಧಾನವಿದು. ಮಗು ಮಾತಾಡುವ ಮೊದಲು ಬಹುಕಾಲ ಕೇಳಿಸಿಕೊಳ್ಳುತ್ತದೆ ಎಂಬುದೇ ಇದರ ತಳಹದಿ. ಬೇಗ ಮಾತಾಡಬೇಕೆಂಬ ಆತುರದಲ್ಲಿ ಬಂದವರಿಗೆ ಇದು ಬೇಸರ ತಂದೀತು, ತಂದದ್ದನ್ನು ನಾನು ಕಂಡೆ ಕೂಡ. ಆದರೆ ಸುಮ್ಮನಿರಲು ಅನುಮತಿ ಸಿಕ್ಕಿದ್ದರಿಂದಲೇ ನನ್ನ ಕಿವಿ ಮೊದಲ ಬಾರಿಗೆ ತೆರೆಯಿತು.

ಮೂರನೆಯ ವಾರ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆರು ಜನ ವೃತ್ತಾಕಾರವಾಗಿ ಕೂತಿದ್ದೆವು, ನಡುವೆ ಧ್ವನಿಮುದ್ರಣದ ಯಂತ್ರವಿತ್ತು. ಹೇಳಬೇಕೆನಿಸಿದ್ದನ್ನು ನಮ್ಮ ಭಾಷೆಯಲ್ಲಿ ಮೆಲ್ಲನೆ ಹೇಳಬೇಕು. ಶಿಕ್ಷಕಿ ಬೆನ್ನ ಹಿಂದೆ ನಿಂತು ಅದರ ಜರ್ಮನ್ ರೂಪವನ್ನು ಕಿವಿಯಲ್ಲಿ ಉಸುರುತ್ತಾರೆ. ನಾವು ಅದನ್ನು ಗುಂಪಿಗೆ ಹೇಳಿ ಮುದ್ರಿಸುತ್ತೇವೆ. ಮನಶ್ಶಾಸ್ತ್ರಜ್ಞರೂ ಪಾದ್ರಿಯೂ ಆಗಿದ್ದ ಚಾರ್ಲ್ಸ್ ಕರನ್, ಆಪ್ತಸಲಹೆಯ ಮಾದರಿಯಲ್ಲಿ ರೂಪಿಸಿದ ಕ್ರಮವಿದು. ನನ್ನ ಸರದಿ ಬಂದಾಗ ಬೇರೇನೂ ತೋಚದೆ 'ನನಗೆ ಭಯ' ಎಂದೆ. 'ಇಷ್ ಹಾಬೆ ಆಂಗ್ಸ್ಟ್' ಎಂದು ಕಿವಿಯಲ್ಲಿ ಕೇಳಿಸಿತು, ಹಾಗೆಯೇ ಹೇಳಿದೆ. ಮುದ್ರಿಸಿದ್ದನ್ನು ಮತ್ತೆ ಹಾಕಿದಾಗ ನನ್ನದೇ ದನಿಯಲ್ಲಿ ಮೂರು ಪದಗಳ ಒಂದು ಸರಿಯಾದ ವಾಕ್ಯ ಕೇಳಿಬಂತು. ಆ ಸಂಜೆ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ಮನೆಗೆ ಬಂದೆ.

ತಪ್ಪು ತಿದ್ದುವ ರೀತಿಯಲ್ಲಿ ಮಾತ್ರ ಈ ಮೃದುತ್ವ ಅತಿಯಾಯಿತು. ಮೇಜಿಗೆ ಜರ್ಮನ್‌ನಲ್ಲಿ 'ದೇರ್ ಟಿಷ್' ಎನ್ನಬೇಕು, ಅದು ಪುಲ್ಲಿಂಗ. ನಾನು ನಪುಂಸಕಲಿಂಗದ 'ದಾಸ್' ಸೇರಿಸಿ 'ದಾಸ್ ಟಿಷ್' ಎಂದಾಗಲೆಲ್ಲ ಶಿಕ್ಷಕಿ ನಗುತ್ತಾ, 'ಹೌದು, ದೇರ್ ಟಿಷ್ ದೊಡ್ಡದಿದೆ' ಎಂಬರ್ಥದ ಜರ್ಮನ್ ವಾಕ್ಯ ಹೇಳಿ ಸಂಭಾಷಣೆ ಮುಂದುವರಿಸುತ್ತಿದ್ದರು. ಅವರು ತಿದ್ದುತ್ತಿದ್ದಾರೆ ಎಂಬುದು ನನಗೆ ಐದನೆಯ ವಾರದವರೆಗೂ ಹೊಳೆಯಲಿಲ್ಲ, ನನ್ನ ಮಾತನ್ನು ಒಪ್ಪುತ್ತಿದ್ದಾರೆಂದೇ ತಿಳಿದಿದ್ದೆ. ಹೀಗೆ ಸರಿಯಾದ ರೂಪವನ್ನು ಹೇಳಿ ಮುಂದೆ ಸಾಗುವುದು ಶಿಕ್ಷಕರು ಅತಿ ಹೆಚ್ಚಾಗಿ ಬಳಸುವ ಕ್ರಮವಾದರೂ, ಕಲಿಯುವವರು ಅದನ್ನು ಗ್ರಹಿಸಿ ತಾವೇ ತಿದ್ದಿಕೊಳ್ಳುವುದು ಕಡಿಮೆ ಎಂದು ಸಂಶೋಧಕರಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲೇ ತೋರಿಸಿದ್ದಾರೆ. ನಾನು ಈ ವಿಷಯವನ್ನು ಎತ್ತಿದ ಮೇಲೆ ಶಿಕ್ಷಕಿ 'ದಾಸ್...?' ಎಂದು ಅರ್ಧಕ್ಕೆ ನಿಲ್ಲಿಸಿ ಕಾಯತೊಡಗಿದರು. ಕೆಲವು ಕ್ಷಣ ಸಿಕ್ಕರೆ ಸಾಕಿತ್ತು, ನಾನೇ ಸರಿಪಡಿಸಿಕೊಳ್ಳುತ್ತಿದ್ದೆ. ಅದರಿಂದ ನನ್ನ ಅಳುಕು ಹೆಚ್ಚಲಿಲ್ಲ. ತಪ್ಪನ್ನು ಮುಚ್ಚಿಡದೆಯೂ ಕಲಿಯುವವರ ಮರ್ಯಾದೆ ಉಳಿಸಲು ಬರುತ್ತದೆ ಎಂಬುದನ್ನು ಈ ಸಂಸ್ಥೆ ಮೊದಲ ದಿನದಿಂದಲೇ ಪಾಲಿಸಬೇಕಿತ್ತು.

ಪಾಠ ಓದುವಾಗ ಹಿನ್ನೆಲೆಯಲ್ಲಿ ನುಡಿಸುತ್ತಿದ್ದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನನಗೆ ಹಿಡಿಸಲಿಲ್ಲ. ಬಲ್ಗೇರಿಯಾದ ಮನೋವೈದ್ಯ ಗ್ಯೋರ್ಗಿ ಲೊಜಾನೊವ್ ಅವರು ರೂಪಿಸಿದ, ಮನಸ್ಸನ್ನು ಹಗುರಾಗಿಸಿ ಕಲಿಸುವ ವಿಧಾನದಿಂದ ಬಂದ ರೂಢಿಯಿದು. ಕೆಲವರಿಗೆ ಮನಸ್ಸು ಹಗುರಾಯಿತಂತೆ, ನನಗಂತೂ ಜರ್ಮನ್‌ನ ಹೊಸ ಸ್ವರಗಳನ್ನು ಬೇರ್ಪಡಿಸಿ ಕೇಳಲು ತೊಡಕಾಯಿತು. ಇದಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿದೆ. ಎಲ್ಲರ ಭಯಕ್ಕೂ ನಾಚಿಕೆಯೇ ಮೂಲವಲ್ಲ. ಧ್ವನಿಗಳ ವ್ಯತ್ಯಾಸವೇ ಹಿಡಿತಕ್ಕೆ ಸಿಗದವರಲ್ಲಿ ಭಯವು ಕಲಿಕೆಯ ತೊಡಕಿನ ಕಾರಣವಲ್ಲ, ಪರಿಣಾಮವಿರಬಹುದು ಎಂದು ಸಂಶೋಧಕರಾದ ರಿಚರ್ಡ್ ಸ್ಪಾರ್ಕ್ಸ್ ಮತ್ತು ಲಿಯೊನೋರ್ ಗಾನ್ಷೋ ವಾದಿಸಿದ್ದರು. ನಮ್ಮ ಗುಂಪಿನ ಒಬ್ಬರಿಗೆ ಬೇಕಿದ್ದುದು ಉಚ್ಚಾರಣೆಯ ಬಿಡಿ ಅಭ್ಯಾಸ. ಸಿಕ್ಕಿದ್ದು ಮಾತ್ರ 'ಹೆದರಬೇಡಿ' ಎಂಬ ಪ್ರೀತಿಯ ಮಾತು. ಅವರು ಎಂಟನೆಯ ವಾರ ಬಿಟ್ಟುಹೋದರು.

ಕೊನೆಯ ವಾರದ ಮೌಖಿಕ ಪರೀಕ್ಷೆಯಲ್ಲಿ, ಅಲ್ಲಿಯವರೆಗೆ ಕಟ್ಟಿದ್ದನ್ನು ಸಂಸ್ಥೆಯೇ ಕೆಡವಿತು. ಒಳಗೆ ಕೂತಿದ್ದ ಇಬ್ಬರನ್ನೂ ನಾವು ಹಿಂದೆಂದೂ ಕಂಡಿರಲಿಲ್ಲ. ಯಾವುದಕ್ಕೆ ಎಷ್ಟು ಅಂಕ ಎಂಬ ಹಾಳೆ ಕೈಗೆ ಬಂದದ್ದು ಪರೀಕ್ಷೆ ಮುಗಿದ ಮೇಲೆ. ಉಚ್ಚಾರಣೆಗೆ ಇಟ್ಟಿದ್ದು ಸಣ್ಣ ಪಾಲು, ಅರ್ಥ ತಲುಪಿದರೆ ಹೆಚ್ಚಿನ ಅಂಕ ಎಂದು ಆಗ ತಿಳಿಯಿತು. ಅದನ್ನು ಮೊದಲೇ ಓದಿದ್ದರೆ ಹಿಂದಿನ ರಾತ್ರಿ ನಿದ್ದೆಗೆಟ್ಟು ಒಂದೇ ಸ್ವರವನ್ನು ತಿದ್ದುತ್ತಾ ಕೂರುತ್ತಿರಲಿಲ್ಲ.

ಅದೇ ಪ್ರಶ್ನಾವಳಿಯನ್ನು ಕೊನೆಯ ದಿನ ಮತ್ತೆ ತುಂಬಿಸಿದರು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ತರಗತಿಯಲ್ಲಿ ಹೆಸರು ಕರೆದಾಗ ಎದೆ ಬಡಿದುಕೊಳ್ಳುವ ಬಗೆಗಿನ ಹೇಳಿಕೆಯಲ್ಲಿ ನನ್ನ ಗುರುತು 'ಪೂರ್ಣವಾಗಿ ಒಪ್ಪುತ್ತೇನೆ' ಎಂಬಲ್ಲಿಂದ 'ಒಪ್ಪುವುದಿಲ್ಲ' ಎಂಬಲ್ಲಿಗೆ ಸರಿದಿತ್ತು. ಪರೀಕ್ಷೆಗೆ ಸಂಬಂಧಿಸಿದ ಹೇಳಿಕೆಗಳ ಎದುರಿನ ಗುರುತುಗಳು ಇದ್ದಲ್ಲಿಯೇ ಇದ್ದವು. ಎ2 ಹಂತಕ್ಕೂ ಇಲ್ಲಿಯೇ ಹೆಸರು ನೋಂದಾಯಿಸಿದ್ದೇನೆ. ಅಂಕಗಳ ಮಾನದಂಡವನ್ನು ಮೊದಲ ವಾರವೇ ಕೊಡಬೇಕು, ಪರೀಕ್ಷಕರು ಒಮ್ಮೆಯಾದರೂ ತರಗತಿಗೆ ಬಂದು ನಮ್ಮೊಡನೆ ಮಾತಾಡಬೇಕು ಎಂದು ಅರ್ಜಿಯ ಜೊತೆಗೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.