ಫ್ರೆಂಚ್ ಸಾಹಿತ್ಯಕ್ಕೆ ಮೊದಲ ಹೆಜ್ಜೆ: ಕಾಮು, ಫ್ಲೊಬೇರ್, ಹ್ಯೂಗೋ

ಫ್ರೆಂಚ್ ಕಲಿಯುತ್ತಾ ಮೂಲದಲ್ಲೇ ಓದುವವರಿಗೆ ಕಾಮುವಿನ ಕಾದಂಬರಿ ‘ಲೆತ್ರಾಂಜೆ’ (1942) ಸರಿ. ಒಟ್ಟು 11 ಅಧ್ಯಾಯ, ವಾಕ್ಯಗಳು ಚಿಕ್ಕವು. ಕತೆ ಬಹುಪಾಲು ಆಡುಮಾತಿನ ಭೂತಕಾಲದಲ್ಲೇ ಸಾಗುತ್ತದೆ, ತರಗತಿಯಲ್ಲಿ ಕಲಿತ ಕ್ರಿಯಾಪದ ಸಾಕಾಗುತ್ತದೆ.

ಫ್ಲೊಬೇರನ ‘ಮದಾಮ್ ಬೊವಾರಿ’ (1857) ಹಾಗಲ್ಲ. ‘ಪಾಸೆ ಸಾಂಪ್ಲ್’ ಎಂಬ ಬರಹದ ಭೂತಕಾಲದ ರೂಪಗಳು ಗೊತ್ತಿಲ್ಲದವರು ಮೊದಲ ಪುಟಗಳಲ್ಲೇ ಎಡವುತ್ತಾರೆ. ನಾಯಕಿ ಎಮ್ಮಾಳ ಯೋಚನೆಗಳು ಉದ್ಧರಣ ಚಿಹ್ನೆಯಿಲ್ಲದೆ ನಿರೂಪಣೆಯೊಳಗೆ ಬೆರೆತಿರುತ್ತವೆ. ಅವನ್ನು ಲೇಖಕನ ಅಭಿಪ್ರಾಯವೆಂದುಕೊಂಡರೆ ವ್ಯಂಗ್ಯ ಕೈತಪ್ಪುತ್ತದೆ. ಆದರೂ ಕಲೆಗಾರಿಕೆಯಲ್ಲಿ ಮೂರರಲ್ಲಿ ಇದೇ ಮೇಲು. ಎರಡನೇ ಭಾಗದ ಎಂಟನೇ ಅಧ್ಯಾಯ ನೋಡಿ: ಕೃಷಿ ಮೇಳದಲ್ಲಿ ಎಮ್ಮಾಳನ್ನು ಒಲಿಸಿಕೊಳ್ಳಲು ಹೊರಟ ರೊಡೋಲ್ಫ್ ಅವಳಿಗೆ ಪ್ರೇಮ ನಿವೇದಿಸುತ್ತಿದ್ದಾನೆ, ಅದರ ನಡುವೆಯೇ ವೇದಿಕೆಯಿಂದ ಗೊಬ್ಬರದ ಬಹುಮಾನದ ಘೋಷಣೆ ಕೇಳಿಬರುತ್ತದೆ.

ಹ್ಯೂಗೋನ ‘ಲೆ ಮಿಜೆರಾಬ್ಲ್’ (1862) ಐದು ಭಾಗಗಳ ಗ್ರಂಥ. ಅದನ್ನು ಅನುವಾದದಲ್ಲೇ ಓದಿ. ಎರಡನೇ ಭಾಗದ ಆರಂಭದ ವಾಟರ್ಲೂ ಯುದ್ಧದ ದೀರ್ಘ ವರ್ಣನೆಯಲ್ಲಿ ಬೇಸತ್ತರೆ ಆ ವರ್ಣನೆಯ ಕೊನೆಯ ಅಧ್ಯಾಯಕ್ಕೆ ದಾಟಿ. ಕತೆಯ ಖಳರಲ್ಲೊಬ್ಬನಾದ ತೆನಾರ್ದಿಯೇ ಅಲ್ಲಿದ್ದಾನೆ, ಅದನ್ನು ಮಾತ್ರ ಬಿಡಬೇಡಿ.