ಕುದುರೆಮುಖದಲ್ಲಿ ಓಡುವುದಾದರೆ ಮೊದಲು ಕುರಿಂಜಾಲ್

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಬಗ್ಗೆ ಬರೆಯುವವರೆಲ್ಲ ಟ್ರೆಕ್ಕಿಂಗ್ ಬಗ್ಗೆಯೇ ಬರೆಯುತ್ತಾರೆ. ಎಷ್ಟು ಹೊತ್ತು ಹತ್ತಬೇಕು, ಎಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಹೋಂಸ್ಟೇಯಲ್ಲಿ ಊಟ ಹೇಗಿದೆ, ಅಷ್ಟೇ. ಓಡುವವರಿಗೆ ಬೇಕಾದ ವಿಷಯ ಬೇರೆ. ಕಾಲಡಿಯ ನೆಲ ಎಂಥದ್ದು, ಇಳಿಯುವಾಗ ಜಾರುತ್ತದಾ, ನೀರು ಎಲ್ಲಿ ಸಿಗುತ್ತದೆ, ಪೂರ್ತಿ ದಾರಿಯಲ್ಲಿ ನಿಜವಾಗಿ ಓಡಲು ಆಗುವುದು ಎಷ್ಟು. ಅದಕ್ಕೇ ಇಲ್ಲಿನ ಮೂರು ದಾರಿಗಳನ್ನು, ಜೊತೆಗೆ ಬುಕಿಂಗ್, ಜೀಪು, ಗೈಡ್ ವ್ಯವಸ್ಥೆಯನ್ನು ಓಡುವವರ ಲೆಕ್ಕದಲ್ಲೇ ತೂಗಿ ನೋಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಹೆಸರು ಇರುವುದು ಕುದುರೆಮುಖ ಶಿಖರಕ್ಕೆ, ಆದರೆ ಓಡಲು ಚೆನ್ನಾಗಿರುವುದು ಕುರಿಂಜಾಲ್ ಬೆಟ್ಟದ ದಾರಿ. ಶಿಖರಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಹೋಗಿ. ಆದರೆ ಮೊದಲ ಸಲ ಕಾಡಿನ ದಾರಿಯಲ್ಲಿ ಓಡುವವರು ನೇರವಾಗಿ ಶಿಖರದ ದಾರಿ ಶುರುವಾಗುವ ಮುಳ್ಳೋಡಿಗೆ ಹೋಗಿ ನಿಂತರೆ ಅರ್ಧ ದಿನ ಬರೀ ನಡೆಯುವುದೇ ಆಗುತ್ತದೆ.

ಶಿಖರದ ದಾರಿಯ ವಿಷಯಕ್ಕೆ ಬರೋಣ. ಕಳಸದಿಂದ ಸಂಸೆ ದಾಟಿ ಬಾಳೆಗಲ್‌ಗೆ ಬರಬೇಕು. ಅಲ್ಲಿಂದ ಮುಳ್ಳೋಡಿಗೆ ಜೀಪು. ಆ ಜೀಪಿನ ದಾರಿ ಎಂಥದ್ದು ಅಂತ ಹೋದವರಿಗೇ ಗೊತ್ತು, ಕಲ್ಲು, ಹೊಂಡ, ಕೆಸರು, ತಿರುವು, ಸೀಟಿನಲ್ಲಿ ಕೂತವರು ಸೀಟಿನಲ್ಲಿ ಇರುವುದಿಲ್ಲ. ಓಡುವವರಿಗೆ ನನ್ನ ಸಲಹೆ ಇಷ್ಟು: ಬೆಳಿಗ್ಗೆ ಜೀಪಿನಲ್ಲೇ ಹೋಗಿ, ಕಾಲಿನ ಶಕ್ತಿ ಉಳಿಸಿಕೊಳ್ಳಿ. ವಾಪಸ್ ಬರುವಾಗ ಕಾಲಿನಲ್ಲಿ ದಮ್ಮು ಇದ್ದರೆ ಜೀಪು ಬಿಟ್ಟು ಆ ರಸ್ತೆಯಲ್ಲೇ ಓಡಿ ಇಳಿಯಿರಿ, ಗದ್ದೆ, ಅಡಿಕೆ ತೋಟ, ಒಂದೊಂದು ಮನೆ, ತುಂಬಾ ಚೆನ್ನಾಗಿರುತ್ತದೆ. ಎದುರಿಗೆ ಜೀಪು ಬಂದರೆ ಪೂರ್ತಿ ಪಕ್ಕಕ್ಕೆ ಸರಿದು ನಿಲ್ಲಿ. ಆ ಇಳಿಜಾರಿನಲ್ಲಿ ಅವರಿಗೆ ಬ್ರೇಕ್ ಹಾಕುವುದು ಕಷ್ಟ.

ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿ.ಮೀ. ಶಿಖರದ ಎತ್ತರ 1,890 ಮೀಟರಿನ ಆಸುಪಾಸು. ಮೊದಲ ಅರ್ಧ ದಾರಿ ಓಡುವವರಿಗೆ ಹಬ್ಬ. ಸ್ವಲ್ಪ ಹೊತ್ತು ಶೋಲಾ, ಅಂದರೆ ಗುಡ್ಡದ ಮಡಿಕೆಗಳಲ್ಲಿ ಬೆಳೆಯುವ ದಟ್ಟ ಕಾಡಿನ ಒಳಗೆ, ಅಲ್ಲಿ ಕತ್ತಲೆ, ತಂಪು, ಕಾಲಡಿಯಲ್ಲಿ ಬೇರು ಮತ್ತು ಕೊಳೆತ ಎಲೆ. ಆಮೇಲೆ ಒಮ್ಮೆಲೇ ಹೊರಗೆ ಹುಲ್ಲುಗಾವಲು, ಕಣ್ಣಿಗೆ ಬಿಸಿಲು. ಮತ್ತೆ ಕಾಡು. ನಡುವೆ ಹಳ್ಳಗಳು. ಏರಿಳಿತ ಇದೆ, ಆದರೆ ಉಸಿರು ಕಟ್ಟುವಂಥದ್ದಲ್ಲ. ಒಂಟಿಮರ ಅನ್ನುವ ಜಾಗ ದಾಟಿದ ಮೇಲೆ ದಾರಿಯ ಸ್ವಭಾವವೇ ಬದಲಾಗುತ್ತದೆ. ಅಲ್ಲಿಂದ ಮುಂದೆ ಕಡಿದಾದ ಏರು. ಮಳೆನೀರು ಕೊರೆದು ಮಾಡಿದ ಆಳವಾದ, ಕಿರಿದಾದ ಕಾಲುವೆಯಂಥ ಜಾಗಗಳಲ್ಲಿ ಒಂದು ಪಾದ ಇಡುವಷ್ಟೇ ಅಗಲ. ಎರಡೂ ಕಡೆ ಮೊಣಕಾಲು ಮಟ್ಟಕ್ಕೆ ಹುಲ್ಲು, ಹುಲ್ಲಿನ ಕೆಳಗೆ ಕಲ್ಲಿದೆಯೋ ಗುಂಡಿಯಿದೆಯೋ ಕಾಣುವುದಿಲ್ಲ. ಇಲ್ಲಿ ಎಂಥ ಓಟಗಾರರೂ ಮೊಣಕಾಲಿನ ಮೇಲೆ ಕೈ ಇಟ್ಟು ನಡೆಯಬೇಕು. ಅದರಲ್ಲಿ ನಾಚಿಕೆ ಏನೂ ಇಲ್ಲ, ಬೆಟ್ಟದಲ್ಲಿ ಹಾಗೇ.

ಇಳಿಯುವುದು ಇನ್ನೂ ಕಷ್ಟ. ಮಳೆ ನಿಂತು ನೆಲ ಒಣಗಿದ ಮೇಲೆ ಜಂಬಿಟ್ಟಿಗೆಯ ಸಣ್ಣ ಸಣ್ಣ ಕಲ್ಲು ಮೇಲೆದ್ದಿರುತ್ತವೆ, ರಾಗಿ ಚೆಲ್ಲಿದ ನೆಲದ ಮೇಲೆ ಓಡಿದ ಹಾಗೆ ಕಾಲು ಹಿಡಿತಕ್ಕೆ ಸಿಗುವುದಿಲ್ಲ. ಹೆಜ್ಜೆ ಚಿಕ್ಕದು ಮಾಡಿ, ಮೈ ಹಿಂದಕ್ಕೆ ವಾಲಿಸಬೇಡಿ. ಹಿಂದಕ್ಕೆ ವಾಲಿದರೆ ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತದೆ, ಹಿಮ್ಮಡಿ ತಾಗಿದ್ದೇ ಜಾರುತ್ತದೆ. ಪಾದದ ನಡುಭಾಗ ಊರಿ, ತಕ್ಷಣ ಎತ್ತಿ. ರಸ್ತೆಯಲ್ಲಿ ಹಾಕುವ ಶೂ ಇಲ್ಲಿ ಬೇಡವೇ ಬೇಡ. ಅಡಿಯಲ್ಲಿ ದಪ್ಪ ಹಲ್ಲು ಇರುವ ಟ್ರೇಲ್ ಶೂ ಬೇಕು, ಅದರಲ್ಲೂ ನೀರು ಬೇಗ ಹೊರಗೆ ಹೋಗುವಂಥದ್ದು. ವಾಟರ್‌ಪ್ರೂಫ್ ಶೂ ತಗೊಂಡು ಬರುವವರು ಜಾಸ್ತಿ ಇದ್ದಾರೆ. ಹಳ್ಳ ದಾಟುವಾಗ ಮೇಲಿನಿಂದ ಒಳಗೆ ಹೋದ ನೀರು ಅದರಲ್ಲಿ ಹೊರಗೇ ಬರುವುದಿಲ್ಲ, ಉಳಿದ ದಾರಿ ಪೂರ್ತಿ ಕಾಲಿಗೆ ಕೊಡ ಕಟ್ಟಿಕೊಂಡು ಓಡಬೇಕಾಗುತ್ತದೆ.

ಮೇಲೆ ಹೋದರೆ ಸಿಗುವುದಕ್ಕೆ ಮಾತಿಲ್ಲ. ಒಂದರ ಹಿಂದೆ ಒಂದು ಹಸಿರು ಗುಡ್ಡ, ಗುಡ್ಡದ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಕಾಡು. ಹುಲ್ಲಿಗೆ ಬಿದ್ದ ಮಳೆ ಇಳಿದು ಆ ಮಡಿಕೆಯ ಕಾಡಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ನಿಧಾನವಾಗಿ ಹಳ್ಳಕ್ಕೆ ಬರುತ್ತದೆ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುವ ಜಾಗ ಇದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ನೀವು ಶೂ ನೆನೆಸಿಕೊಂಡು ದಾಟುವ ಹಳ್ಳದ ನೀರನ್ನೇ ಮುಂದೆ ಎಷ್ಟೋ ಊರಿನವರು ಕುಡಿಯುತ್ತಾರೆ. ಆದ್ದರಿಂದ ಹಳ್ಳದಲ್ಲಿ ಸೋಪು, ಶಾಂಪೂ ಹಾಕುವವರನ್ನು ಕಂಡರೆ ದಯವಿಟ್ಟು ತಡೆಯಿರಿ, ನಾನಂತೂ ಬಿಡುವುದಿಲ್ಲ.

ಈಗ ಕುರಿಂಜಾಲ್. ಇದಕ್ಕೆ ಯಾಕೆ ಜನ ಕಡಿಮೆ ಬರುತ್ತಾರೋ, ಒಟ್ಟಿನಲ್ಲಿ ಓಡುವವರಿಗೆ ಒಳ್ಳೆಯದೇ ಆಗಿದೆ. ಭದ್ರಾ ದಂಡೆಯ ಭಗವತಿ ನೇಚರ್ ಕ್ಯಾಂಪ್ ಹತ್ತಿರದಿಂದ ಶುರು. ಒಂದು ಕಡೆಗೆ ಆರೇಳು ಕಿ.ಮೀ. ಕಾಡಿನ ಒಳಗೆ ಹೋಗುವ ಹಳೆಯ ಜೀಪು ದಾರಿ, ಅಗಲ ಇದೆ, ಏರು ಹದವಾಗಿದೆ. ಒಂದೇ ಲಯದಲ್ಲಿ ಓಡಿಕೊಂಡು ಹೋಗಬಹುದು, ಇದು ಮುಖ್ಯ. ಶಿಖರದ ದಾರಿಯಲ್ಲಿ ಓಡು, ನಿಲ್ಲು, ಹತ್ತು, ದಾಟು ಅಂತ ಲಯ ಒಡೆಯುತ್ತಲೇ ಇರುತ್ತದೆ. ಇಲ್ಲಿ ಹಾಗಲ್ಲ. ಉಸಿರು ಮತ್ತು ಹೆಜ್ಜೆ ಕೂಡಿಕೊಂಡ ಮೇಲೆ ಬಹಳ ಹೊತ್ತು ಹಾಗೇ ಹೋಗುತ್ತದೆ. ಮರಗಳ ನೆರಳು ಜಾಸ್ತಿ, ಹತ್ತು ಗಂಟೆಯ ಬಿಸಿಲೂ ಅಷ್ಟಾಗಿ ತಾಗುವುದಿಲ್ಲ. ಕೊನೆಯಲ್ಲಿ ಮಾತ್ರ ಕಾಡು ಬಿಟ್ಟು ಹುಲ್ಲು, ಸ್ವಲ್ಪ ಕಡಿದು. ತುದಿಯಲ್ಲಿ ಪಾಳುಬಿದ್ದ ಹಳೆಯ ರೇಡಿಯೋ ಸ್ಟೇಷನ್ ಕಟ್ಟಡ ಇದೆ. ಅಲ್ಲಿ ನಿಂತರೆ ಲಕ್ಯಾ ಅಣೆಕಟ್ಟಿನ ಕಡೆ ಕಣ್ಣು ಹೋಗುತ್ತದೆ.

ಆ ಕಡೆ ನೋಡುವಾಗ ಈ ಜಾಗಕ್ಕೆ ಏನಾಗಿತ್ತು ಅನ್ನುವುದು ಗೊತ್ತಿರಬೇಕು. ಇಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿ ನಡೆಯಿತು. ಅದಿರನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಉದ್ದದ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಹೂಳು ಲಕ್ಯಾದಲ್ಲಿ ನಿಂತಿತು. ಜನ ಹೋರಾಡಿದರು, ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ನಾವು ಇವತ್ತು ಇಲ್ಲಿ ಓಡುತ್ತಿದ್ದೇವೆ ಅಂದರೆ ಅದರ ಹಿಂದೆ ಆ ಹೋರಾಟ ಇದೆ. ಅವರ ಋಣ ನಮ್ಮ ಮೇಲಿದೆ ಅಂತ ನಾನು ನಂಬುತ್ತೇನೆ.

ಮೂರನೆಯದು ನೇತ್ರಾವತಿ. ಇದೂ ಸಂಸೆ ಕಡೆಯಿಂದಲೇ, ಜೀಪಿನಲ್ಲಿ ಸ್ವಲ್ಪ ದೂರ ಹೋಗಿ ಆಮೇಲೆ ಕಾಲ್ದಾರಿ. ಎಲ್ಲಿಂದ ಹೊರಡುತ್ತೀರಿ ಅನ್ನುವುದರ ಮೇಲೆ ಹೋಗಿ ಬರಲು 12ರಿಂದ 14 ಕಿ.ಮೀ. ನೆರಳು ಕಡಿಮೆ, ಬೆಟ್ಟದ ಏಣಿನ ಮೇಲೆ ಹೋಗುವ ಭಾಗವೇ ಇದರ ಜೀವ. ಓಡಲು ಚೆನ್ನಾಗಿದೆ, ಆದರೆ ಗಾಳಿ ಜೋರು, ಟೋಪಿ ಹಾರಿಸಿಕೊಂಡು ಹೋಗುವಷ್ಟು. ಶನಿವಾರ, ಭಾನುವಾರ ಇಲ್ಲಿಗೆ ಓಡಲು ಹೋಗಬೇಡಿ. ಕಾಲ್ದಾರಿ ಕಿರಿದು, ಸಾಲಾಗಿ ಜನ, ಪಕ್ಕಕ್ಕೆ ಸರಿದು ದಾಟುವುದೇ ಕೆಲಸ ಆಗುತ್ತದೆ, ಏಣಿನ ಅಂಚಿನಲ್ಲಿ ಹಾಗೆ ದಾಟುವುದು ಅಪಾಯವೂ ಹೌದು. ವಾರದ ನಡುವೆ ಹೋದರೆ ಇದೇ ದಾರಿ ಬೇರೆಯೇ ಅನ್ನಿಸುತ್ತದೆ.

ಬುಕಿಂಗ್ ವಿಷಯ. ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ಮೊದಲೇ ಟಿಕೆಟ್ ಮಾಡಬೇಕು. 2024ರಿಂದ ಕುದುರೆಮುಖ, ನೇತ್ರಾವತಿ ದಾರಿಗಳಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದ್ದಾರೆ. ಇದಕ್ಕೆ ಗೊಣಗುವವರು ಇದ್ದಾರೆ, ನಾನು ಮಾತ್ರ ಪೂರ್ತಿ ಒಪ್ಪುತ್ತೇನೆ. ಮಿತಿ ಇಲ್ಲದಿದ್ದಾಗ ರಜೆ ದಿನ ಆ ಹುಲ್ಲಿನ ದಾರಿ ಹೇಗೆ ಕೊಚ್ಚೆಯಾಗುತ್ತಿತ್ತು ಅಂತ ಅಲ್ಲಿನ ಮನೆಯವರನ್ನು ಕೇಳಿ. ಒಂದೇ ದಾರಿ ಕೆಸರಾದರೆ ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಆಮೇಲೆ ಅದರ ಪಕ್ಕ, ಹೀಗೆ ದಾರಿ ಅಗಲ ಆಗುತ್ತಾ ಹೋಗುತ್ತದೆ, ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಓಡುವವರೂ ಇದನ್ನು ನೆನಪಿಡಬೇಕು. ಕೆಸರು ಬಂದರೆ ಕೆಸರಿನಲ್ಲೇ ಕಾಲಿಡಿ, ಶೂ ತೊಳೆಯಬಹುದು.

ಓಡುವವರಿಗೆ ಅಂತ ಬೇರೆ ಟಿಕೆಟ್ ಇಲ್ಲ, ಟ್ರೆಕ್ಕಿಂಗ್ ಟಿಕೆಟ್ಟೇ. ಗೈಡ್ ಜೊತೆಗೆ ಇರಲೇಬೇಕು, ಅವರನ್ನು ಬಿಟ್ಟು ಮುಂದೆ ಓಡುವ ಹಾಗಿಲ್ಲ. ಆದ್ದರಿಂದ ಹೋಂಸ್ಟೇಯವರಿಗೆ ಮೊದಲೇ ಫೋನ್ ಮಾಡಿ, ‘ನಾವು ಓಡುವವರು, ನಮ್ಮ ಜೊತೆ ಬರಬಲ್ಲ ಗೈಡ್ ಇದ್ದರೆ ಹೇಳಿ’ ಅಂತ ಕೇಳಿಕೊಳ್ಳಿ. ಅಲ್ಲಿನ ಹುಡುಗರು ಹುಟ್ಟಿದಾಗಿನಿಂದ ಆ ಗುಡ್ಡ ಹತ್ತಿ ಇಳಿದವರು. ಸಾದಾ ಪ್ಲಾಸ್ಟಿಕ್ ಶೂ ಹಾಕಿಕೊಂಡು ಇಳಿಜಾರಿನಲ್ಲಿ ಅವರು ಓಡುವುದನ್ನು ನೋಡಿಯೇ ಕಲಿಯುವುದು ಬಹಳ ಇದೆ. ನನ್ನ ಜೊತೆ ಬಂದ ಹುಡುಗ ಒಂದು ತಿರುವಿನಲ್ಲಿ ಒಮ್ಮೆಲೇ ಕೈ ಅಡ್ಡ ಹಿಡಿದು, ‘ಕಾಟಿ ಉಂಟು ಸಾರ್, ನಿಲ್ಲಿ’ ಅಂದ. ನನಗೆ ಏನೂ ಕಾಣಲಿಲ್ಲ, ವಾಸನೆಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಡಿನ ಅಂಚಿನಿಂದ ಬಿಳಿ ಕಾಲುಚೀಲ ಹಾಕಿಕೊಂಡಂಥ ಕಾಲುಗಳು, ಆಮೇಲೆ ಕಾಡುಕೋಣದ ಆ ಕಪ್ಪು ಬೆನ್ನು. ಐದಾರು ಇದ್ದವು. ಅವು ದಾಟಿ ಹೋಗುವ ತನಕ ನಾವು ಅಲ್ಲಾಡಲಿಲ್ಲ. ಗೈಡ್ ಯಾಕೆ ಬೇಕು ಅಂತ ಕೇಳುವವರಿಗೆ ಇಷ್ಟು ಸಾಕು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇಲ್ಲಿ ಓಡುವುದು ಶುದ್ಧ ತಪ್ಪು.

ಸೇವೆಯಲ್ಲಿ ನನಗೆ ಬೇಸರ ತಂದದ್ದೂ ಇದೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಜನ ತುಂಬಿಕೊಂಡು ಬರುವ ಒಂದು ಟ್ರೆಕ್ಕಿಂಗ್ ಗುಂಪಿನವರು ರಾತ್ರಿಯಿಡೀ ನಿದ್ದೆ ಇಲ್ಲದವರನ್ನು ಬೆಳಿಗ್ಗೆ ನೇರ ಬೆಟ್ಟಕ್ಕೆ ಬಿಡುತ್ತಿದ್ದರು. ಅವರ ತಿಂಡಿ ಪೊಟ್ಟಣಗಳ ಕವರ್ ನಾವು ದಾರಿಯಲ್ಲಿ ಹೆಕ್ಕಿದೆವು. ಗೇಟಿನಲ್ಲಿ ಪ್ಲಾಸ್ಟಿಕ್ ನೋಡುತ್ತಾರೆ, ಆದರೆ ಚೀಲದ ತಳದವರೆಗೆ ಎಲ್ಲರದ್ದೂ ನೋಡಲು ಆಗುವುದಿಲ್ಲ, ಜನರೇ ತಿಳಿದು ನಡೆಯಬೇಕು. ಓಡುವವರು ಶಕ್ತಿಗೆ ಅಂತ ತಿನ್ನುವ ಜೆಲ್ ಪೊಟ್ಟಣಗಳದ್ದೂ ಇದೇ ಕಥೆ, ಹರಿದ ಆ ಸಣ್ಣ ತುದಿ ಕೂಡ ಜೇಬಿಗೇ ಹೋಗಬೇಕು. ನಿಜ ಹೇಳಬೇಕು ಅಂದರೆ ಇಲ್ಲಿಗೆ ಜೆಲ್ ಬೇಡವೇ ಬೇಡ. ಬಾಳೆಹಣ್ಣು, ಬೆಲ್ಲ ಹಾಕಿದ ಕಡಲೆ ಉಂಡೆ, ಉಪ್ಪು ಹಾಕಿದ ನೀರು ಸಾಕು. ಹೋಂಸ್ಟೇಯಲ್ಲಿ ಬೆಳಿಗ್ಗೆ ಕೊಡುವ ಕಡುಬು ಎರಡೇ ತಿನ್ನಿ, ಮೂರನೆಯದನ್ನು ವಾಪಸ್ ಬಂದ ಮೇಲೆ ಕೇಳಿ.

ಯಾವಾಗ ಹೋಗಬೇಕು? ಅಕ್ಟೋಬರ್‌ನಿಂದ ಜನವರಿ. ಹುಲ್ಲು ಇನ್ನೂ ಹಸಿರು, ಹಳ್ಳದಲ್ಲಿ ನೀರು, ಬೆಳಗಿನ ಚಳಿ ಓಡಲು ಹೇಳಿ ಮಾಡಿಸಿದ ಹಾಗೆ. ಮಳೆಗಾಲದಲ್ಲಿ ನೋಡಲು ಇನ್ನೂ ಚೆಂದ, ಆದರೆ ಇಂಬಳ (ಜಿಗಣೆ) ಬಿಡುವುದಿಲ್ಲ. ಓಡುತ್ತಿದ್ದರೆ ಹತ್ತುವುದು ಕಡಿಮೆ, ನಿಂತರೆ ಹತ್ತಿದ್ದೇ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಕಲಸಿ ಹಚ್ಚುವುದು ಅಲ್ಲಿನವರ ರೂಢಿ. ಹಳ್ಳ ಏರಿದ್ದರೆ ಗೈಡ್ ದಾಟಬೇಡಿ ಅಂದರೆ ದಾಟಬೇಡಿ, ವಾದ ಮಾಡಬೇಡಿ. ಮಳೆಗಾಲದಲ್ಲಿ ಬಂಡೆ, ಕೊಂಬೆ ಹಿಡಿಯುವ ಮೊದಲು ಕಣ್ಣು ಹಾಯಿಸಿ, ಮಲಬಾರ್ ಪಿಟ್ ವೈಪರ್ ತಗ್ಗಿನ ಕೊಂಬೆಯಲ್ಲಿ ಎಲೆಯ ಬಣ್ಣದಲ್ಲೇ ಕೂತಿರುತ್ತದೆ. ಫೆಬ್ರುವರಿ ಆದಮೇಲೆ ಹುಲ್ಲು ಒಣಗಿ ಬೆಂಕಿಯ ಭಯ, ಇಲಾಖೆ ದಾರಿ ಮುಚ್ಚುವುದೂ ಉಂಟು. ಟಿಕೆಟ್ ಮಾಡುವ ಮೊದಲು ನೋಡಿಕೊಳ್ಳಿ.

ಮುಳ್ಳೋಡಿ ದಾಟಿದರೆ ಮೊಬೈಲ್ ನಂಬಬೇಡಿ. ಕಾಲು ಉಳುಕಿದರೆ ಹೊತ್ತು ತರಬೇಕಾದವರು ಗೈಡ್ ಮತ್ತು ನಿಮ್ಮ ಜೊತೆಯವರೇ, ಚಿಕಿತ್ಸೆಗೆ ಕಳಸಕ್ಕೇ ಬರಬೇಕು. ಒಂದು ಕ್ರೇಪ್ ಬ್ಯಾಂಡೇಜ್, ಸೀಟಿ, ತೆಳು ಜಾಕೆಟ್ ಚೀಲದಲ್ಲಿ ಇರಲಿ. ಕಾಡಿನ ಒಳಗೆ ಟೆಂಟ್ ಹಾಕಲು ಬಿಡುವುದಿಲ್ಲ, ಸಂಜೆಯೊಳಗೆ ಹೊರಗೆ ಬರಬೇಕು. ಹಾಗಾಗಿ ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೇ ಹೋಗಿ ನಿಲ್ಲಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವವರು ಅದೇ ದಿನ ಓಡುವುದು ಬೇಡ, ಒಂದು ದಿನ ಕಳಸದಲ್ಲಿ ಉಳಿದು ಕಾಲು ಸಡಿಲ ಮಾಡಿಕೊಳ್ಳಿ, ಮರುದಿನ ಕುರಿಂಜಾಲ್. ಅಲ್ಲಿ ಆರಾಮಾಗಿ ಓಡಲು ಆಯಿತು ಅಂದರೆ ಮುಂದಿನ ಸಲಕ್ಕೆ ಮುಳ್ಳೋಡಿಯಿಂದ ಶಿಖರಕ್ಕೆ ಟಿಕೆಟ್ ಮಾಡಿ.