ಹೊರಗೆ ರಾಡ್ ಹಾಕಿದ ಕಾಲು: ವ್ಯಾಕ್ಯೂಮ್ ಡ್ರೆಸ್ಸಿಂಗೋ, ಗಾಜ್ ಪಟ್ಟಿಯೋ?

ಕೊಪ್ಪಳದ ಕಡೆ ಬೈಕ್‌ನಿಂದ ಬಿದ್ದವರ ಕಾಲಿನ ಎಲುಬು ಚರ್ಮ ಸೀಳಿ ಹೊರಬಂದಿರುತ್ತದೆ. ಹೊರಗಿನಿಂದ ರಾಡ್, ಪಿನ್ ಕೂಡಿಸಿದ ಮೇಲೆ ಡ್ರೆಸ್ಸಿಂಗ್ ಯಾವುದಿರಲಿ ಎಂಬ ಪ್ರಶ್ನೆ ಮನೆಯವರ ಮುಂದೆ ಬರುತ್ತದೆ.

ಗಾಜ್ ಪಟ್ಟಿ, ಅಂದರೆ ತೆಳು ಜಾಳಿ ಬಟ್ಟೆಯ ಪಟ್ಟಿ, ಅಗ್ಗ, ಎಲ್ಲೆಡೆ ಸಿಗುತ್ತದೆ. ಬಿಚ್ಚಿದಾಗಲೆಲ್ಲ ಗಾಯ ಕಣ್ಣಿಗೆ ಕಾಣುತ್ತದೆ. ಆದರೆ ಬಿಚ್ಚುವ ನೋವು ಘೋರ, ಅದೂ ಎಷ್ಟೋ ಸಲ ದಿನಾ.

ವ್ಯಾಕ್ಯೂಮ್‌ನಲ್ಲಿ ಗಾಯಕ್ಕೆ ಸ್ಪಂಜಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಯಂತ್ರದಿಂದ ಸಾಮಾನ್ಯವಾಗಿ 125 ಮಿ.ಮೀ. ಪಾದರಸದಷ್ಟು ಒತ್ತಡದಲ್ಲಿ ಹೀರುತ್ತಾರೆ. ಕೀವುನೀರು ಡಬ್ಬಿಗೆ ಹೋಗುತ್ತದೆ. ಬದಲಿಸುವುದು 48ರಿಂದ 72 ಗಂಟೆಗೊಮ್ಮೆ. ತೊಡಕಿರುವುದು ಪಿನ್‌ಗಳಲ್ಲಿ. ಹಾಳೆಯನ್ನು ಪಿನ್ ಸುತ್ತ ತುಂಡುತುಂಡಾಗಿ ಒತ್ತಿ ಅಂಟಿಸದಿದ್ದರೆ ಗಾಳಿ ಸೋರಿ ಯಂತ್ರ ಕೂಗುತ್ತಲೇ ಇರುತ್ತದೆ. ಹೀರುವಿಕೆ ಎರಡು ಗಂಟೆಗಿಂತ ಹೆಚ್ಚು ನಿಂತರೆ ಆ ಸ್ಪಂಜನ್ನು ತೆಗೆಯಲೇಬೇಕು. ಕರೆಂಟ್ ಹೋಗುವ ಊರಿನವರು ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಮೊದಲೇ ಕೇಳಿ.

ದುಬಾರಿಯದೇ ಮೇಲು ಎಂದು ಸಾಲ ಮಾಡಬೇಡಿ. ಕಾಲಿನ ತೀವ್ರ ತೆರೆದ ಮುರಿತವಿದ್ದ 460 ಜನರ ಮೇಲೆ ಬ್ರಿಟನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಳದ ಸೋಂಕು ವ್ಯಾಕ್ಯೂಮ್‌ನವರಲ್ಲಿ ಶೇ. 7.1, ಸಾಮಾನ್ಯ ಪಟ್ಟಿಯವರಲ್ಲಿ ಶೇ. 8.1, ಗಣನೀಯ ವ್ಯತ್ಯಾಸವಿಲ್ಲ. ವರ್ಷದ ನಂತರದ ಓಡಾಟದಲ್ಲೂ ಅಷ್ಟೇ.

ಸತ್ತ ಮಾಂಸ, ಮಣ್ಣು ತೆಗೆದು ತೊಳೆಯುವುದೇ ಮೊದಲ ಕೆಲಸ. ಅದಾಗದ ಗಾಯಕ್ಕೆ, ರಕ್ತನಾಳ ಬಯಲಾದ ಜಾಗಕ್ಕೆ ವ್ಯಾಕ್ಯೂಮ್ ಸಲ್ಲದು. ಚರ್ಮ ಕಸಿಗೆ ಕಾಯುತ್ತಿರುವ, ಬಹಳ ಸೋರುವ ದೊಡ್ಡ ಗಾಯಕ್ಕಾದರೆ ನಾನು ವ್ಯಾಕ್ಯೂಮನ್ನೇ ಆರಿಸುವೆ. ಚಿಕ್ಕದಕ್ಕೆ ಪಟ್ಟಿ ಸಾಕು. ಡಬ್ಬಿಯಲ್ಲಿ ಕೆಂಪು ರಕ್ತ ಏರುತ್ತಿದ್ದರೆ ತಕ್ಷಣ ಸಿಸ್ಟರ್‌ನ ಕೂಗಿ.